ಬಡ್ತಿಯ ವರದಿಯೂ ಬರೆಯುವವನ ಹೊಣೆಯೂ

ಸೇನೆಯಲ್ಲಿ ಬಡ್ತಿಯನ್ನು ನಿರ್ಣಯಿಸುವ ಮಂಡಲಿಯವರು ಬಹುಮಟ್ಟಿಗೆ ಅಭ್ಯರ್ಥಿಯ ಮುಖವನ್ನೇ ಕಂಡವರಲ್ಲ. ಮೇಲಧಿಕಾರಿ ಬರೆದ ವರದಿಯೇ ಅವರ ಪಾಲಿಗೆ ಆ ಮನುಷ್ಯ. ಎಲ್ಲರನ್ನೂ ಅತ್ಯುತ್ತಮರೆಂದು ಬರೆದರೆ ನಿಜವಾದ ಉತ್ತಮನು ಗುಂಪಿನಲ್ಲಿ ಕಾಣೆಯಾಗುವನು. ಇದನ್ನು ತಡೆಯಲು ಅಮೆರಿಕದ ವಾಯುಪಡೆಯವರು 1974ರಲ್ಲಿ ಅಧಿಕಾರಿಗಳ ಅತ್ಯುಚ್ಚ ದರ್ಜೆಯನ್ನು ನೂರಕ್ಕೆ 22 ಮಂದಿಗೆ ಮಿತಗೊಳಿಸಿದರು. ಅಸಮಾಧಾನ ಬೆಳೆದು 1978ರಲ್ಲಿ ಆ ಕಟ್ಟಳೆಯನ್ನು ಕೈಬಿಟ್ಟರು. ಕಟ್ಟಳೆಯಿಂದ ಆಗದುದನ್ನು ಬರೆಯುವವರಿಗೆ ಶಿಕ್ಷಣವಿತ್ತೇ ಸಾಧಿಸಬೇಕಷ್ಟೆ. 2022ರಲ್ಲಿ ಅದೇ ಪಡೆಯವರು ತುಂಡು ನುಡಿಗಳನ್ನು ಬಿಟ್ಟು, ಮಾಡಿದ ಕೆಲಸವನ್ನೂ ಅದರ ಫಲವನ್ನೂ ತಿಳಿಯಾದ ವಾಕ್ಯಗಳಲ್ಲಿ ಬರೆಯುವ ಪದ್ಧತಿಗೆ ತಿರುಗಿದರು.

‘ಬಹು ದಕ್ಷನು’ ಎಂಬುದು ಬರಿಯ ಹೊಗಳಿಕೆ. ‘ಕೆಟ್ಟು ನಿಂತ ಮೂರು ವಿಮಾನಗಳನ್ನು ಎರಡು ದಿನಗಳಲ್ಲಿ ಹಾರುವಂತೆ ಮಾಡಿದನು’ ಎಂಬುದು ಸಾಕ್ಷ್ಯ. ಯೋಗ್ಯತಾಪತ್ರಗಳನ್ನು ಬರೆಯುವ ನಾವೆಲ್ಲರೂ ನೆನೆಯತಕ್ಕದ್ದು ಇಷ್ಟೇ: ನಮ್ಮ ಸೋಮಾರಿ ವಾಕ್ಯಕ್ಕೆ ದಂಡ ತೆರುವವನು ಇನ್ನೊಬ್ಬನು.