ಮೊಬೈಲ್ ತಂತ್ರಾಂಶ ಮತ್ತು ಅದರ ಸುಂಕದಕಟ್ಟೆಗಳು

ಮೊಬೈಲ್ ಫೋನಿಗೆ ಆ್ಯಪ್ ಬರೆಯುವ ಕಸುಬಿನ ಚರಿತ್ರೆಯನ್ನು ಪ್ರೋಗ್ರಾಮಿಂಗ್ ಭಾಷೆಗಳ ಮತ್ತು ಯಂತ್ರಗಳ ಚರಿತ್ರೆಯಾಗಿ ಹೇಳುವುದು ವಾಡಿಕೆ. ಆದರೆ ಕಳೆದ ಮೂರು ದಶಕಗಳ ಬೆಳವಣಿಗೆಯನ್ನು ಗಮನವಿಟ್ಟು ನೋಡಿದರೆ, ಬರೆದ ತಂತ್ರಾಂಶವು ಬಳಸುವವರ ಕೈ ಸೇರುವ ದಾರಿ ಯಾರ ಹಿಡಿತದಲ್ಲಿತ್ತು, ಆ ದಾರಿಯ ಸುಂಕದಕಟ್ಟೆಯಲ್ಲಿ ಕುಳಿತವರು ಯಾರು ಎಂಬುದೇ ಈ ಕಸುಬಿನ ಸ್ವರೂಪವನ್ನು ಹೆಚ್ಚಾಗಿ ನಿರ್ಧರಿಸಿದಂತೆ ತೋರುತ್ತದೆ.

ಮೊದಮೊದಲು ಫೋನಿನ ಮಟ್ಟಿಗೆ ಅಂಥ ದಾರಿಯೇ ಇರಲಿಲ್ಲ. 1997ರಲ್ಲಿ ನೋಕಿಯಾ 6110 ಫೋನಿನೊಡನೆ ಬಂದ ಹಾವಿನ ಆಟವನ್ನು ಆ ಕಂಪನಿಯ ಎಂಜಿನಿಯರ್ ತನೇಲಿ ಅರ್ಮಾಂಟೊ ಬರೆದರು. ಅದು ಕಾರ್ಖಾನೆಯಲ್ಲೇ ಫೋನಿನೊಳಗೆ ಸೇರಿ ಹೊರಬರುತ್ತಿತ್ತೇ ಹೊರತು, ಹೊರಗಿನವರು ಅದರ ಪಕ್ಕದಲ್ಲಿ ಮತ್ತೊಂದು ಆಟವನ್ನು ತಂದಿರಿಸುವಂತಿರಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, 1996ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಪಾಮ್ ಪೈಲಟ್ ಎಂಬ ಅಂಗೈ ಗಣಕಕ್ಕೆ ಯಾರು ಬೇಕಾದರೂ ಮೇಜಿನ ಕಂಪ್ಯೂಟರಿನಲ್ಲಿ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದು, ತಂತಿಯ ಮೂಲಕ ಸಾಗಿಸಬಹುದಿತ್ತು. ಅದರ ಮೊದಲ ಮಾದರಿಯ ನೆನಪಿನ ಕೋಶ, ಅಂದರೆ ಮೆಮೊರಿ, ಕೇವಲ 128 ಕಿಲೋಬೈಟ್ ಇದ್ದರೂ, ಬರೆಯುವವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.

ಇದೇ ಕಾಲದಲ್ಲಿ ಬೆಂಗಳೂರಿನಲ್ಲೂ ಒಂದು ಪ್ರಯೋಗ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಅವರು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೊಡನೆ ಸೇರಿ, ಓದು ಬರಹ ಬಾರದವರೂ ಬಳಸಬಹುದಾದ ಸಿಂಪ್ಯೂಟರ್ ಎಂಬ ಅಂಗೈ ಗಣಕವನ್ನು ರೂಪಿಸಿದರು. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಆಧರಿಸಿದ ಈ ಯಂತ್ರದಲ್ಲಿ, ತೆರೆಯ ಮೇಲಿನ ಬರಹವನ್ನು ಭಾರತೀಯ ಭಾಷೆಯಲ್ಲಿ ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯವಿತ್ತು. ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲೆಂದು ಪ್ರತಿಯೊಬ್ಬರ ವಿವರವನ್ನೂ ಬೇರೆಬೇರೆ ಸ್ಮಾರ್ಟ್ ಕಾರ್ಡಿನಲ್ಲಿ ಇಡುವ ಏರ್ಪಾಡೂ ಇತ್ತು. 2004ರಲ್ಲಿ ಅಮಿಡ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದ ಮಾದರಿಯು, ಯಂತ್ರ ಯಾವ ಕಡೆಗೆ ವಾಲಿದೆ ಎಂಬುದನ್ನು ಗ್ರಹಿಸುವ ಸಂವೇದಕವನ್ನು ಹೊಂದಿತ್ತು. ಅಂದುಕೊಂಡಷ್ಟು ಸಂಖ್ಯೆಯಲ್ಲಿ ಅದು ಮಾರಾಟವಾಗಲಿಲ್ಲ. ಅಷ್ಟರಲ್ಲಾಗಲೇ ಅಗ್ಗದ ಮೊಬೈಲ್ ಫೋನು ಹಳ್ಳಿಗಳನ್ನು ತಲುಪತೊಡಗಿತ್ತು. ಕರೆ ಮಾಡಲು ಬಾರದ ಯಂತ್ರಕ್ಕೆ ಅದರೆದುರು ನಿಲ್ಲುವುದು ಕಷ್ಟವಾಗಿತ್ತು.

ಫೋನಿನೊಳಗೆ ಹೊರಗಿನವರ ತಂತ್ರಾಂಶಕ್ಕೆ ಎಡೆ ಮಾಡಿಕೊಟ್ಟ ವ್ಯವಸ್ಥೆಗಳಲ್ಲಿ ಎರಡು ಮುಖ್ಯ. ಮೊದಲನೆಯದು, ಸೈಯಾನ್, ನೋಕಿಯಾ, ಎರಿಕ್ಸನ್ ಮತ್ತು ಮೊಟೊರೊಲಾ ಕಂಪನಿಗಳು 1998ರಲ್ಲಿ ಕೂಡಿ ಕಟ್ಟಿದ ಸಿಂಬಿಯನ್. ಮೆಮೊರಿ ಅತ್ಯಲ್ಪವಾಗಿದ್ದ ಆ ಫೋನುಗಳಲ್ಲಿ ಕೆಲಸ ಅರ್ಧಕ್ಕೇ ನಿಂತುಹೋಗುವ ಸಂಭವ ಸದಾ ಇದ್ದುದರಿಂದ, ಹಾಗೆ ನಿಲ್ಲಬಹುದಾದ ಪ್ರತಿಯೊಂದು ಫಂಕ್ಷನ್ನಿನ ಹೆಸರಿನ ಕೊನೆಗೆ ‘ಎಲ್’ ಅಕ್ಷರವನ್ನು ಸೇರಿಸುವ ಪದ್ಧತಿಯಿತ್ತು; ನಡುವೆ ಪಡೆದ ಮೆಮೊರಿಯನ್ನು ಹಿಂತಿರುಗಿಸುವ ಲೆಕ್ಕವನ್ನೂ ಬರೆಯುವವರೇ ಇಟ್ಟುಕೊಳ್ಳಬೇಕಿತ್ತು. ಇಷ್ಟೊಂದು ಶಿಸ್ತನ್ನು ಬೇಡಿದ ವ್ಯವಸ್ಥೆ ಆಮೇಲೆ ಮತ್ತೊಂದು ಬರಲಿಲ್ಲವೆನ್ನಬಹುದು. ಎರಡನೆಯದು ಜಾವಾ ಭಾಷೆಯ ಕಿರು ಆವೃತ್ತಿ. ಒಮ್ಮೆ ಬರೆದರೆ ಎಲ್ಲ ಫೋನುಗಳಲ್ಲೂ ನಡೆಯುತ್ತದೆಂಬುದು ಅದರ ಆಶ್ವಾಸನೆಯಾಗಿತ್ತಾದರೂ, ವಾಸ್ತವದಲ್ಲಿ ಒಂದು ಫೋನಿನ ತೆರೆ 128 ಚುಕ್ಕೆ ಅಗಲವಿದ್ದರೆ ಇನ್ನೊಂದರದು 176, ಮತ್ತೊಂದರದು 240. ಕೀಲಿಗಳ ಸಂಕೇತಸಂಖ್ಯೆಗಳು ಬೇರೆ. ಹಲವು ಫೋನುಗಳು 64 ಕಿಲೋಬೈಟಿಗಿಂತ ದೊಡ್ಡ ಕಡತವನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಹೀಗಾಗಿ ಒಂದೇ ಆಟವನ್ನು ಫೋನಿನಿಂದ ಫೋನಿಗೆ ಹೊಂದಿಸಿಕೊಡುವ ಕೆಲಸವೇ, ಅಂದರೆ ಪೋರ್ಟಿಂಗ್, ಆಟವನ್ನು ಹೊಸದಾಗಿ ಕಲ್ಪಿಸುವ ಕೆಲಸಕ್ಕಿಂತ ಹೆಚ್ಚು ಕೈಗಳನ್ನು ಬೇಡತೊಡಗಿತು.

ಆ ದಿನಗಳ ಸುಂಕದಕಟ್ಟೆ ದೂರವಾಣಿ ಸೇವಾ ಕಂಪನಿಗಳದ್ದು. ಆಟದ ಬೆಲೆ ಗ್ರಾಹಕರ ಫೋನ್ ಬಿಲ್ಲಿನಲ್ಲೋ ಕರೆನ್ಸಿಯಲ್ಲೋ ಕಡಿತವಾಗುತ್ತಿದ್ದುದರಿಂದ ಹಣ ಮೊದಲು ಸೇರುತ್ತಿದ್ದುದು ಅವುಗಳ ಕೈಗೆ; ಭಾರತದಲ್ಲಂತೂ ಅದರ ಬಹುಪಾಲು ಅಲ್ಲೇ ಉಳಿಯುತ್ತಿತ್ತು. ಜಪಾನಿನ ಎನ್‌ಟಿಟಿ ಡೊಕೊಮೊ ಮಾತ್ರ 1999ರಲ್ಲಿ ಆರಂಭಿಸಿದ ಐ-ಮೋಡ್ ಸೇವೆಯಲ್ಲಿ ಶೇ. 9ರಷ್ಟನ್ನು ಇಟ್ಟುಕೊಂಡು ಉಳಿದುದನ್ನು ತಯಾರಕರಿಗೆ ಕೊಟ್ಟಿತು. ಅಲ್ಲಿ ಮೊಬೈಲ್ ಸೇವೆಗಳು ಉಳಿದೆಡೆಗಿಂತ ಬೇಗ ಹುಲುಸಾಗಿ ಬೆಳೆಯಲು ಈ ಉದಾರತೆಯೂ ಒಂದು ಕಾರಣ.

2007ರ ಜೂನ್‌ನಲ್ಲಿ ಮಾರಾಟಕ್ಕೆ ಬಂದ ಆಪಲ್ ಕಂಪನಿಯ ಐಫೋನಿಗೂ ಮೊದಲು ಹೊರಗಿನವರ ಆ್ಯಪ್‌ಗಳಿರಲಿಲ್ಲ. ಬ್ರೌಸರಿನಲ್ಲಿ ತೆರೆಯುವ ಪುಟಗಳನ್ನೇ ಆ್ಯಪ್‌ಗಳಂತೆ ರೂಪಿಸಿದರೆ ಸಾಕೆಂಬುದು ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಅವರ ಆಗಿನ ನಿಲುವಾಗಿತ್ತು. ಕುತೂಹಲಿಗಳು ಫೋನಿನ ಬೀಗ ಮುರಿದು ತಮ್ಮ ತಂತ್ರಾಂಶಗಳನ್ನು ಒಳಸೇರಿಸತೊಡಗಿದ ಮೇಲೆ, ಅದೇ ವರ್ಷದ ಅಕ್ಟೋಬರಿನಲ್ಲಿ ಕಂಪನಿ ನಿಲುವು ಬದಲಿಸಿತು. 2008ರ ಮಾರ್ಚ್‌ನಲ್ಲಿ ಎಸ್‌ಡಿಕೆ, ಎಂದರೆ ಆ್ಯಪ್ ಕಟ್ಟಲು ಬೇಕಾದ ಸಲಕರಣೆಗಳ ಕಟ್ಟು, ಹೊರಬಂದಿತು. ಜುಲೈ 10ರಂದು ಸುಮಾರು 500 ಆ್ಯಪ್‌ಗಳೊಡನೆ ಆ್ಯಪ್ ಸ್ಟೋರ್ ತೆರೆಯಿತು. ವರ್ಷಕ್ಕೆ 99 ಡಾಲರ್ ಕಟ್ಟಿದ ಯಾರೇ ಆದರೂ, ಕಂಪನಿಯ ಪರಿಶೀಲನೆಯಲ್ಲಿ ಪಾರಾದರೆ, ಜಗತ್ತಿನ ನಾನಾ ದೇಶಗಳಲ್ಲಿ ತಮ್ಮ ಆ್ಯಪ್ ಮಾರಬಹುದಿತ್ತು, ಬೆಲೆಯ ಶೇ. 30 ಭಾಗ ಕಂಪನಿಗೆ. ಈಗ ದುಬಾರಿಯೆನಿಸುವ ಈ ಪಾಲು ಅಂದು ಅಗ್ಗವಾಗಿ ತೋರಿದ್ದರೆ, ಅದು ಹಿಂದಿನ ಸುಂಕದಕಟ್ಟೆಗಳ ಅನುಭವದಿಂದಲೇ ಸರಿ.

ಗೂಗಲ್ 2005ರಲ್ಲಿ ಕೊಂಡುಕೊಂಡ ಆಂಡ್ರಾಯ್ಡ್, 2008ರ ಅಕ್ಟೋಬರಿನಲ್ಲಿ ಎಚ್‌ಟಿಸಿ ಕಂಪನಿಯ ಫೋನಿನ ಮೂಲಕ ಗ್ರಾಹಕರನ್ನು ತಲುಪಿತು. ಅಲ್ಲಿ ನೋಂದಣಿ ಶುಲ್ಕ ಒಂದೇ ಬಾರಿಗೆ 25 ಡಾಲರ್. ಭಾಷೆ, ಭಾರತದ ಎಂಜಿನಿಯರಿಂಗ್ ಕಾಲೇಜುಗಳು ಆಗಲೇ ಕಲಿಸುತ್ತಿದ್ದ ಜಾವಾ. ಮುಂದೆ ಆಪಲ್ 2014ರಲ್ಲಿ ಸ್ವಿಫ್ಟ್ ಎಂಬ ಭಾಷೆಯನ್ನು ತಂದಿತು, ಗೂಗಲ್ 2017ರಲ್ಲಿ ಕಾಟ್ಲಿನ್ ಭಾಷೆಗೆ ಮನ್ನಣೆ ನೀಡಿತು. ಒಂದೇ ಬರಹದಿಂದ ಎರಡೂ ಬಗೆಯ ಫೋನುಗಳಿಗೆ ಆ್ಯಪ್ ಕಟ್ಟಿಕೊಡುವ ರಿಯಾಕ್ಟ್ ನೇಟಿವ್, ಫ್ಲಟರ್ ಮುಂತಾದ ಸಲಕರಣೆಗಳೂ ಬಂದವು. ಜಾವಾ ಹಿಂದೆ ಕೊಟ್ಟ ಆಶ್ವಾಸನೆ ಇವುಗಳಿಂದ ಒಂದು ಮಟ್ಟಿಗೆ ಈಡೇರಿತು. ಅದಕ್ಕೆ ಹಾದಿ ಮಾಡಿಕೊಟ್ಟದ್ದು ಮಾತ್ರ ಪೈಪೋಟಿಯಲ್ಲಿ ಉಳಿದ ವ್ಯವಸ್ಥೆಗಳು ಎರಡೇ ಆದದ್ದು.

ಕನ್ನಡದ ಆ್ಯಪ್‌ಗಳು ತಡವಾದುದಕ್ಕೆ ಬರೆಯುವವರ ಕೊರತೆಗಿಂತ ಆಳವಾದ ಕಾರಣವೊಂದಿತ್ತು. ‘ಕರ್ನಾಟಕ’ ಎಂದು ಬರೆದಾಗ ಯೂನಿಕೋಡ್ ಸಂಕೇತಗಳ ಸಾಲಿನಲ್ಲಿ ರಕಾರ ನಕಾರಕ್ಕಿಂತ ಮುಂಚೆ ಇರುತ್ತದೆ. ತೆರೆಯ ಮೇಲೆ ಮಾತ್ರ ಅದು ಅರ್ಕಾವೊತ್ತಾಗಿ ‘ನಾ’ ಅಕ್ಷರದ ಬಲಕ್ಕೆ ಸರಿಯಬೇಕು. ಈ ಸ್ಥಾನಪಲ್ಲಟವನ್ನು ಮಾಡುವುದು ಕಾರ್ಯಾಚರಣ ವ್ಯವಸ್ಥೆಯ ಲಿಪಿ ಜೋಡಣೆಯ ಭಾಗವೇ ಹೊರತು ಆ್ಯಪ್ ಅಲ್ಲ. ಆ ಭಾಗ ಇಲ್ಲದಿದ್ದ ಫೋನುಗಳಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆದರುತ್ತಿದ್ದವು, ಕನ್ನಡದ ಫಾಂಟೇ ಇಲ್ಲದಿದ್ದಲ್ಲಿ ಖಾಲಿ ಚೌಕಗಳು ಮೂಡುತ್ತಿದ್ದವು. 2012ರಲ್ಲಿ ಬಂದ ಆಂಡ್ರಾಯ್ಡ್ 4.1 ಆವೃತ್ತಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ಕೊಟ್ಟ ಬಳಿಕವೇ ತಯಾರಕರು ಅಕ್ಷರಗಳ ಚಿಂತೆ ಬಿಟ್ಟು ವಿಷಯದ ಕಡೆಗೆ ಗಮನ ಹರಿಸುವಂತಾಯಿತು. ಕರ್ನಾಟಕ ಸರಕಾರ 2014ರ ಡಿಸೆಂಬರಿನಲ್ಲಿ ಸರಕಾರಿ ಸೇವೆಗಳನ್ನು ಫೋನಿನಲ್ಲೇ ಒದಗಿಸುವ ಮೊಬೈಲ್ ಒನ್ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಮರುವರ್ಷ ಉಡುಪು ಮಾರುವ ಬೆಂಗಳೂರಿನ ಮಿಂತ್ರಾ ಕಂಪನಿ ತನ್ನ ಜಾಲತಾಣವನ್ನೇ ಮುಚ್ಚಿ ಆ್ಯಪ್ ಒಂದನ್ನೇ ಉಳಿಸಿಕೊಂಡಿತು; ಗ್ರಾಹಕರಿಗೆ ಅದು ರುಚಿಸಲಿಲ್ಲವೆಂದು ಕಾಣುತ್ತದೆ, 2016ರಲ್ಲಿ ಜಾಲತಾಣ ಮರಳಿ ತೆರೆಯಿತು.

ಶೇ. 30ರ ಪಾಲಿನ ವಿಚಾರ 2020ರ ಆಗಸ್ಟ್‌ನಲ್ಲಿ ಎಪಿಕ್ ಗೇಮ್ಸ್ ಕಂಪನಿಯ ಮೊಕದ್ದಮೆಗಳೊಡನೆ ನ್ಯಾಯಾಲಯದ ಮೆಟ್ಟಿಲೇರಿತು. ಮರುವರ್ಷ ಆಪಲ್ ಮತ್ತು ಗೂಗಲ್ ಎರಡೂ ಸಣ್ಣ ತಯಾರಕರ ಮಟ್ಟಿಗೆ ಅದನ್ನು ಶೇ. 15ಕ್ಕೆ ಇಳಿಸಿದವು. ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ಆ್ಯಪ್‌ಗಳ ಅಂಗಡಿಯಾದ ಪ್ಲೇ ಸ್ಟೋರಿನ ಪಾವತಿ ನಿಯಮಗಳಿಗಾಗಿ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ವಿಧಿಸಿತು; ಮೇಲ್ಮನವಿ ನ್ಯಾಯಮಂಡಳಿ ಮುಂದೆ ಅದನ್ನು ತಗ್ಗಿಸಿತು. 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಫೋನ್‌ಪೇ, ಕನ್ನಡವೂ ಸೇರಿದಂತೆ 12 ಭಾರತೀಯ ಭಾಷೆಗಳಲ್ಲಿ ವ್ಯವಹರಿಸುವ ಇಂಡಸ್ ಆ್ಯಪ್‌ಸ್ಟೋರ್ ತೆರೆದು, ಪಾವತಿಗೆ ಯಾವ ಮಾರ್ಗ ಬೇಕೆಂಬುದನ್ನು ತಯಾರಕರಿಗೇ ಬಿಟ್ಟಿತು. ಪ್ಲೇ ಸ್ಟೋರ್ ತನ್ನೊಳಗೆ ಬೇರೊಂದು ಆ್ಯಪ್ ಅಂಗಡಿಗೆ ಜಾಗ ಕೊಡುತ್ತಿರಲಿಲ್ಲವಾದ್ದರಿಂದ, ಫೋನಿನಲ್ಲಿ ಮೊದಲೇ ಅಳವಡಿಕೆಯಾಗಿರದಿದ್ದರೆ ಗ್ರಾಹಕರು ಅದನ್ನು ಜಾಲತಾಣದಿಂದ ಇಳಿಸಿಕೊಂಡು, ಅಪರಿಚಿತ ಮೂಲದ ತಂತ್ರಾಂಶವೆಂದು ಫೋನು ತೋರಿಸುವ ಎಚ್ಚರಿಕೆಗೆ ಒಪ್ಪಿಗೆ ಒತ್ತಿದ ಮೇಲೆಯೇ ಬಳಸಬೇಕಾಗಿ ಬಂತು.