ವೈದ್ಯರು ಮರೆಗೆ ಸರಿದಾಗ

ದಂತವೈದ್ಯರ ಕುರ್ಚಿಯಲ್ಲಿ ಕುಳಿತವರಿಗೆ ಈ ಅನುಭವ ಹೊಸದಲ್ಲ. ವೈದ್ಯರು ನಮ್ಮ ಬಾಯೊಳಗೆ ಅಂಚೆಚೀಟಿಯಷ್ಟಗಲದ ಫಿಲ್ಮನ್ನಿಟ್ಟು, "ಅಲುಗಾಡಬೇಡಿ" ಎಂದು ಹೇಳಿ, ತಾವು ಮಾತ್ರ ಗೋಡೆಯ ಮರೆಗೆ ಸರಿದುಬಿಡುತ್ತಾರೆ. ಮೊದಲ ಸಲ ಹೀಗಾದಾಗ ನನಗೆ ತುಸು ಕಸಿವಿಸಿಯಾಯಿತು. ಅವರಿಗೆ ಸಲ್ಲದ್ದು ನನಗೆ ಹೇಗೆ ಸಲ್ಲುತ್ತದೆ? ಕೇಳೋಣವೆಂದರೆ ಬಾಯಿ ತೆರವಿರಲಿಲ್ಲ. ಉತ್ತರವನ್ನು ಪುಸ್ತಕಗಳಲ್ಲಿ ಹುಡುಕಬೇಕಾಯಿತು.

ಜರ್ಮನಿಯಲ್ಲಿ ರಾಂಟ್‌ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಎರಡೇ ತಿಂಗಳಲ್ಲಿ, 1896ರ ಜನವರಿಯಲ್ಲಿ, ಅದೇ ದೇಶದ ದಂತವೈದ್ಯ ಆಟೋ ವಾಲ್ಕಾಫ್ ತಮ್ಮ ಹಲ್ಲುಗಳ ಚಿತ್ರವನ್ನೇ ತೆಗೆಸಿದರು. ಅದಕ್ಕಾಗಿ ಅವರು 25 ನಿಮಿಷ ನಿಶ್ಚಲರಾಗಿರಬೇಕಾಯಿತು. ಇಂದು ಅದೇ ಕೆಲಸಕ್ಕೆ ಒಂದು ಸೆಕೆಂಡೂ ಬೇಡ.

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ದಂತವೈದ್ಯ ಎಡ್ಮಂಡ್ ಕೆಲ್ಸ್ ಕೂಡ 1896ರಲ್ಲೇ ಈ ಕಿರಣಗಳಿಗೆ ಮಾರುಹೋದರು. ಯಂತ್ರವನ್ನು ಹದಗೊಳಿಸಲು ತಮ್ಮ ಕೈಯನ್ನೇ ಕಿರಣಗಳಿಗೆ ಅಡ್ಡ ಹಿಡಿಯುತ್ತಿದ್ದರು. ವರ್ಷಗಳು ಕಳೆದ ಮೇಲೆ ಆ ಕೈಗೆ ಅರ್ಬುದ ತಗುಲಿತು. ಮೊದಲು ಬೆರಳುಗಳು, ಬಳಿಕ ಕೈ, ಕಡೆಗೆ ತೋಳು ಹೋಯಿತು. ನೋವು ತಾಳಲಾರದೆ 1928ರಲ್ಲಿ ಅವರು ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ಬಾಸ್ಟನ್ನಿನ ದಂತವೈದ್ಯ ವಿಲಿಯಂ ರಾಲಿನ್ಸ್ 1901ರಲ್ಲೇ, ಈ ಕಿರಣಗಳಿಂದ ಗಿನಿಹಂದಿಗಳು ಸತ್ತದ್ದನ್ನು ತೋರಿಸಿ ಎಚ್ಚರಿಕೆ ಕೊಟ್ಟಿದ್ದರು. ಕೇಳಿದವರು ಕೆಲವರೇ. ವೈದ್ಯರು ಇಂದು ಗೋಡೆಯ ಮರೆಗೆ ಸರಿಯುವುದರ ಹಿಂದೆ ಇಂಥ ಕಥೆಗಳಿವೆ.

ಹಾಗಾದರೆ ನಾವು ಅಂಜಬೇಕೆ? ಇಂದು ಹಲ್ಲಿನ ಒಂದು ಸಣ್ಣ ಚಿತ್ರದಿಂದ ನಮಗೆ ತಗಲುವ ವಿಕಿರಣ, ನೆಲದಿಂದಲೂ ಆಕಾಶದಿಂದಲೂ ಒಂದು ದಿನದಲ್ಲಿ ಸಹಜವಾಗಿ ಬರುವಷ್ಟೇ, ಹೆಚ್ಚುಕಡಮೆ. ನಾವು ಕೂರುವುದು ಅಪರೂಪಕ್ಕೊಮ್ಮೆ. ವೈದ್ಯರಿಗಾದರೋ ಅದು ದಿನನಿತ್ಯದ, ಜೀವಮಾನದ ಕೆಲಸ. ನನ್ನ ಪ್ರಶ್ನೆಗೆ ಉತ್ತರ ಇಷ್ಟೇ ಆಗಿತ್ತು.

ಚಿತ್ರದಿಂದ ಆಗುವ ಲಾಭವೂ ಸಣ್ಣದಲ್ಲ. ಒತ್ತಾಗಿ ನಿಂತ ಎರಡು ಹಲ್ಲುಗಳ ಸಂದಿನಲ್ಲಿ ಹುಳುಕು ಹುಟ್ಟಿದರೆ ಕಣ್ಣಿಗೆ ಕಾಣದು. ಹುಳುಕು ಹಿಡಿದಲ್ಲಿ ಹಲ್ಲಿನ ಖನಿಜಾಂಶ ಕರಗಿರುತ್ತದೆ. ಕಿರಣ ಅಲ್ಲಿ ಸುಲಭವಾಗಿ ಹಾದುಹೋಗಿ ಫಿಲ್ಮಿನ ಮೇಲೆ ಕಪ್ಪು ಮೂಡಿಸುತ್ತದೆ. ಬೇರಿನ ತುದಿಯ ಕೀವು, ಸವೆದ ದವಡೆಯ ಮೂಳೆ, ಒಳಗೇ ಅಡ್ಡ ಮಲಗಿದ ಬುದ್ಧಿಹಲ್ಲು ತಿಳಿಯುವುದೂ ಹೀಗೆಯೇ.

ಆದರೆ ಅಪಾಯ ಅಲ್ಪವೆಂಬುದು, ಅಗತ್ಯವಿಲ್ಲದಿದ್ದರೂ ತೆಗೆಯಬಹುದೆಂಬುದಕ್ಕೆ ಕಾರಣವಾಗದು. ಮೊದಲು ವೈದ್ಯರು ಬಾಯಿಯನ್ನು ಪರೀಕ್ಷಿಸಬೇಕು, ಚಿತ್ರದ ಮಾತು ಆಮೇಲೆ. ಹುಳುಕಿನ ಭಯವಿಲ್ಲದ ವಯಸ್ಕರಿಗೆ ಹಲ್ಲುಸಂದಿನ ಚಿತ್ರ ಎರಡು ಮೂರು ವರ್ಷಕ್ಕೊಮ್ಮೆ ಸಾಕೆಂದು ಅಮೆರಿಕದ ದಂತವೈದ್ಯರ ಸಂಘವೇ 2012ರಲ್ಲಿ ಹೇಳಿದೆ. ಊರು ಬದಲಿಸುವಾಗ ಹಳೆಯ ಚಿತ್ರಗಳನ್ನು ಜೊತೆಗೊಯ್ದರೆ ಮತ್ತೊಮ್ಮೆ ತೆಗೆಸುವುದು ತಪ್ಪೀತು.

ಈಗ ನಾನು ಕುರ್ಚಿಯಲ್ಲಿ ಕುಳಿತರೆ, ಬಾಯಿ ತುಂಬುವ ಮುನ್ನವೇ ಒಂದು ಮಾತು ಕೇಳುತ್ತೇನೆ: "ಡಾಕ್ಟರೇ, ಈ ಚಿತ್ರದಿಂದ ತಾವು ತಿಳಿಯಬೇಕೆಂದಿರುವುದೇನು?" ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ, ವಿವರಿಸುತ್ತಾರೆ. ಆ ಬಳಿಕ ಅವರು ಮರೆಗೆ ಸರಿದಾಗ ನನಗೆ ಕಸಿವಿಸಿಯಾಗುವುದಿಲ್ಲ. ಕೈ ಕಳೆದುಕೊಂಡ ಕೆಲ್ಸ್ ನೆನಪಾಗುತ್ತಾರೆ.