ಎಷ್ಟು ದೂರ, ಎಷ್ಟು ಹೊತ್ತು?

(ಶಾಲೆಯ ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ನೆಲ್ಯಾಡಿಗೆ ಬಂದಾಗಲೆಲ್ಲ ಪೇಟೆಯಲ್ಲಿ ಸಿಕ್ಕಿದವರು ಕೇಳುವ ಪ್ರಶ್ನೆ ಒಂದೇ: "ಅಮೆರಿಕಕ್ಕೆ ಎಷ್ಟು ದೂರ ಉಂಟು ಮಾರಾಯ? ಎಷ್ಟು ಹೊತ್ತು ಬೇಕು?" ಇವತ್ತು ಅದಕ್ಕೇ ಉತ್ತರ ಹೇಳುತ್ತೇನೆ.

ನಾನು ಕೆಲಸ ಮಾಡುವುದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಬೆಂಗಳೂರಿನಿಂದ ಅಲ್ಲಿಗೆ ನೇರ ದೂರ ಸುಮಾರು 14,000 ಕಿ.ಮೀ. ಗೋಡೆಯ ಭೂಪಟದಲ್ಲಿ ಸ್ಕೇಲಿಟ್ಟು ಗೆರೆ ಎಳೆದರೆ ಅದು ಅರಬ್ಬಿ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ಸಾಗರ ದಾಟಿ ಹೋಗುತ್ತದೆ. ಆ ದಾರಿ ಸುಮಾರು 20,000 ಕಿ.ಮೀ. ಆದೀತು! ಮಕ್ಕಳೇ, ನಾಳೆ ಗ್ಲೋಬಿನ ಮೇಲೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿ. ಅದು ಚೀನಾ, ಸೈಬೀರಿಯಾ, ಅಲಾಸ್ಕದ ಮೇಲೆ ಹೋಗುತ್ತದೆ. ಭೂಮಿ ಗುಂಡಗಿದೆ ಎಂಬ ಪಾಠದ ಪ್ರಯೋಜನ ಇದು. ಆದರೆ ವಿಮಾನ ಯಾವಾಗಲೂ ಈ ದಾರದ ಮೇಲೆಯೇ ಹಾರುವುದಿಲ್ಲ. ಗಾಳಿಯ ದಿಕ್ಕು ನೋಡಿ ದಾರಿ ಬದಲಿಸುತ್ತದೆ.

ಈ ಎರಡು ನಗರಗಳ ನಡುವೆ ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿನಿಂದ ಅದನ್ನು ತಂದರು. ಶನಿವಾರ ರಾತ್ರಿ ಹೊರಟದ್ದು ಬೆಂಗಳೂರಲ್ಲಿ ಇಳಿದದ್ದು ಸೋಮವಾರ ಬೆಳಗಿನ ಜಾವ. ಹಾರಿದ್ದು ಸುಮಾರು 17 ಗಂಟೆ. ಉಳಿದ ಹದಿಮೂರೂವರೆ ಗಂಟೆ ಎರಡು ಊರುಗಳ ಗಡಿಯಾರದ ವ್ಯತ್ಯಾಸ.

"ಹದಿನೇಳು ಗಂಟೆಯ ದಾರಿ ತಾನೆ, ಯಾವಾಗ ಬೇಕಾದರೂ ಬರಬಹುದು" ಎಂಬ ಧೈರ್ಯ ನನಗಿತ್ತು. ಅಪ್ಪನಿಗೆ ದೀಪಾವಳಿಗೆ ಬರುತ್ತೇನೆ ಎಂದಿದ್ದೆ.

2024ರ ಜುಲೈಯಲ್ಲಿ ತಮ್ಮನ ಫೋನು ಬಂತು: "ಅಪ್ಪನಿಗೆ ಜೋರುಂಟು, ಹೊರಡು." ಟಿಕೆಟು ಸಿಕ್ಕಿ ವಿಮಾನ ಏರುವಷ್ಟರಲ್ಲಿ 22 ಗಂಟೆ ಕಳೆಯಿತು. ಆಕಾಶದಲ್ಲಿ 17. ಬೆಂಗಳೂರಲ್ಲಿ ಇಳಿದು ಹೊರಬರಲು 2. ಇನ್ನು ಉಳಿದದ್ದು 280 ಕಿ.ಮೀ. ಮಾತ್ರ. ಆದರೆ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು. ಮೂಡಿಗೆರೆ, ಚಾರ್ಮಾಡಿ, ಉಜಿರೆ, ಧರ್ಮಸ್ಥಳ, ಕೊಕ್ಕಡ ಸುತ್ತಿ ಬರುವಾಗ 11 ಗಂಟೆ. ಒಟ್ಟು 52 ಗಂಟೆ.

ನಾನು ಅಂಗಳದಲ್ಲಿ ಇಳಿದಾಗ ಎಲ್ಲ ಮುಗಿದಿತ್ತು. ತಮ್ಮನೇ ಕೊಳ್ಳಿ ಇಟ್ಟಿದ್ದ. ನೆರೆಕರೆಯವರು, ಇದೇ ಶಾಲೆಯಲ್ಲಿ ನನ್ನ ಜೊತೆ ಕಲಿತವರು, ಆ ಮಳೆಯಲ್ಲಿ ಕಟ್ಟಿಗೆ ಹೊತ್ತಿದ್ದರು. ಅವರಿಗೆ ಇನ್ನೂ ಸರಿಯಾಗಿ ಹೇಳಿರಲಿಲ್ಲ. ಇವತ್ತು ಈ ಮೈಕಿನಲ್ಲಿ ಹೇಳುತ್ತಿದ್ದೇನೆ, ನಿಮ್ಮ ಉಪಕಾರ ದೊಡ್ಡದು.

ದೂರದಲ್ಲಿರುವ ನನ್ನಂಥ ಹಳೆ ವಿದ್ಯಾರ್ಥಿಗಳಿಗೆ ಒಂದು ಮಾತು. ಊರಿಗೆ ಬರುವ ಲೆಕ್ಕ ಹಾಕುವಾಗ ವಿಮಾನದ ಹೊತ್ತನ್ನು ಮಾತ್ರ ನೋಡಬೇಡಿ. ನಮ್ಮ ಮಳೆಗಾಲವನ್ನೂ ಘಾಟಿಯನ್ನೂ ಸೇರಿಸಿ. ಮನೆಯಲ್ಲಿ ವಯಸ್ಸಾದವರಿದ್ದರೆ ಹಬ್ಬಕ್ಕೆ ಕಾಯದೆ ಬಂದು ಹೋಗಿ.